ತುಂಬಿದ ಲಾರಿ ಇಳಿದು ಬಂದ ದಾರಿ

ಕಳೆದ ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ, ಹೊಸನಗರ ತಾಲ್ಲೂಕಿನ ನಿಟ್ಟೂರಿನ ಆಚೆ, ಡಾಂಬರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದ ಮಣ್ಣಿನ ದಾರಿಯೊಂದರಲ್ಲಿ ನಮ್ಮ ಜೀಪು ನಿಂತಿತ್ತು. ಎದುರಿಗೆ ದಾರಿ ಎರಡಾಗಿ ಕವಲೊಡೆದಿತ್ತು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಗಲ, ಎರಡರ ಮೇಲೂ ಒಂದೇ ಬಗೆಯ ತರಗೆಲೆ. ಇವುಗಳಲ್ಲಿ ಹಳೆಯ ಕೂಪಿನ ರಸ್ತೆ, ಅಂದರೆ ಕಾಡಿನಲ್ಲಿ ಕಡಿದ ಮರ ಸಾಗಿಸಲು ಮಾಡಿದ ರಸ್ತೆ ಯಾವುದು, ಮನೆಗೆ ಹೋಗುವ ದಾರಿ ಯಾವುದು ಎಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಸೋದರಮಾವ ಮಾತನಾಡದೆ ಇಳಿದು, ಒಂದೊಂದು ಕವಲಿನಲ್ಲೂ ಇಪ್ಪತ್ತು ಮಾರು ನಡೆದು ನೋಡಿ ಬಂದರು.

“ಬಲಗಡೆದು ಮನೆ ದಾರಿ ಮಾರಾಯ, ನೇರ ಗುಡ್ಡ ಹತ್ತಿದೆ. ಎಡಗಡೆದು ಲಾರಿದು. ತುಂಬಿದ ಲಾರಿ ಇಳೀಬೇಕಲ್ಲ, ಅದಕ್ಕೇ ಹಾಗೆ ಸುತ್ತುಹಾಕಿದೆ” ಎಂದರು.

ಅವರ ಈ ಒಂದು ಮಾತಿನಿಂದ ಹತ್ತು ವರ್ಷಗಳಿಂದ ಇಂಥ ದಾರಿಗಳಲ್ಲಿ ಜೀಪು ಓಡಿಸುತ್ತ ಬಂದಿದ್ದ ನನಗೆ ಬಹಳಷ್ಟು ಸಂಗತಿಗಳು ಒಮ್ಮೆಲೇ ಅರ್ಥವಾದವು. ಕೂಪಿನ ರಸ್ತೆಯನ್ನು ಮಾಡಿದ್ದು ಹತ್ತುವುದಕ್ಕಾಗಿ ಎಂದೇ ನಾನು ತಿಳಿದಿದ್ದೆ, ಏಕೆಂದರೆ ನಾನು ಕಾಡಿನೊಳಕ್ಕೆ ಹೋಗುವಾಗ ಹತ್ತುತ್ತಿದ್ದೆ. ಲಾರಿ ಮಾತ್ರ ಹತ್ತುವಾಗ ಖಾಲಿ, ಇಳಿಯುವಾಗ ಹಲವು ಟನ್ ದಿಮ್ಮಿ ಹೊತ್ತ ವಾಹನ. ಆ ರಸ್ತೆಯ ಇಳಿಜಾರು, ತಿರುವು, ಅಗಲ, ಮೋರಿ ಎಲ್ಲವನ್ನೂ ನಿರ್ಧರಿಸಿದ್ದು ಆ ತುಂಬಿದ ಲಾರಿ. ಅಂದು ನಾನು ಫೋನಿನ ಎತ್ತರಮಾಪಕವನ್ನು ಹಾಕಿಕೊಂಡೇ ಹೋದೆ. ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರದಲ್ಲಿ ರಸ್ತೆ ಎಲ್ಲಿಯೂ 100 ಮೀಟರಿಗೆ 6–7 ಮೀಟರಿಗಿಂತ ಹೆಚ್ಚು ಏರಲಿಲ್ಲ. ಬಲಗಡೆಯ ಮನೆ ದಾರಿಯಾದರೋ ಮೊದಲ ನೂರು ಮೀಟರಿನಲ್ಲೇ ಅದರ ಮೂರು ಪಟ್ಟು ಏರಿತ್ತು.

ಮಾವನಿಗೆ ಈಗ 77 ವರ್ಷ. 1971ರಿಂದ ಸುಮಾರು ಹದಿಮೂರು ವರ್ಷ ಕೂಪಿನ ಲಾರಿ ಓಡಿಸಿದವರು. ಅವರ ಕಾಲದಲ್ಲಿ ಎಲ್ಲರ ಬಾಯಲ್ಲೂ ಅದು ‘ಬೆಂಜ್ ಲಾರಿ’. ಟಾಟಾ ಸಂಸ್ಥೆ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್‌ನೊಂದಿಗೆ ಸೇರಿ ಲಾರಿ ತಯಾರಿಸಲು ಆರಂಭಿಸಿತ್ತು. ಆ ಒಪ್ಪಂದ ಮುಗಿದ ಮೇಲೂ ಹೆಸರು ಜನರ ಬಾಯಲ್ಲಿ ಉಳಿದಿತ್ತು. ಮಾವನಿಗೆ ಲಾರಿ ಕಲಿಸಿದ ಹಿರಿಯರು ಅದಕ್ಕೂ ಹಿಂದಿನವರು, ಎರಡನೇ ಮಹಾಯುದ್ಧದ ನಂತರ ಸೇನೆ ಮಾರಿದ ‘ಡಿಸ್ಪೋಸಲ್’ ಲಾರಿಗಳನ್ನು ಘಟ್ಟದಲ್ಲಿ ಓಡಿಸಿದವರಂತೆ. “ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ” ಎಂಬುದು ಅವರು ಮಾವನಿಗೆ ಹೇಳಿಕೊಟ್ಟ ಮೊದಲ ಪಾಠ. ಮಾವ ನನಗೂ ಅದನ್ನೇ ಹೇಳಿಕೊಟ್ಟರು.

ಕೂಪು ಎಂಬ ಮಾತು ಮಲೆನಾಡಿನಲ್ಲಿ ಎಷ್ಟು ಬಳಕೆಯಲ್ಲಿದೆ ಎಂದರೆ ಅದು ನಮ್ಮದೇ ಮಾತೆಂದು ಬಹಳ ಕಾಲ ನಾನು ನಂಬಿದ್ದೆ. ‘ಕೂಪಿಗೆ ಹೋಗಿದ್ದಾನೆ’, ‘ಕೂಪು ಬಿದ್ದಿದೆ’, ‘ಕೂಪಿನ ಕಂಟ್ರಾಕ್ಟರು’ ಎಂದು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುತ್ತಿತ್ತು. ಅದು ಫ್ರೆಂಚಿನಿಂದ ಬಂದ ಪದ, ಕಡಿತ ಎಂದು ಅರ್ಥ. 1864ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ಅರಣ್ಯ ಇಲಾಖೆಯನ್ನು ಸ್ಥಾಪಿಸಿದಾಗ ಇಂಗ್ಲೆಂಡಿನಲ್ಲಿ ಅರಣ್ಯಶಾಸ್ತ್ರ ಕಲಿಸುವ ಶಾಲೆಯೇ ಇರಲಿಲ್ಲ. ಹೀಗಾಗಿ ಇಲ್ಲಿಗೆ ಬರುವ ಅಧಿಕಾರಿಗಳಲ್ಲಿ ಹಲವರು ಫ್ರಾನ್ಸಿನ ನಾನ್ಸಿ ಪಟ್ಟಣದ ಅರಣ್ಯ ಶಾಲೆಯಲ್ಲಿ ಓದಿ ಬಂದರು. ಕಾಡನ್ನು ಭಾಗಗಳಾಗಿ ವಿಂಗಡಿಸಿ, ವರ್ಷಕ್ಕೊಂದು ಭಾಗದಂತೆ ಸರದಿಯಲ್ಲಿ ಕಡಿದು, ಕೊನೆಯ ಭಾಗ ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಬೆಳೆದಿರಬೇಕು ಎಂಬ ಲೆಕ್ಕಾಚಾರವನ್ನೂ ಆ ಭಾಗಕ್ಕೆ ಇಟ್ಟ ಹೆಸರನ್ನೂ ಅವರು ತಂದರು. ‘ಕಾರ್ಯಯೋಜನೆ’ ಎಂದು ಇಲಾಖೆ ಕರೆಯುವ ಆ ಯೋಜನೆಯ ಗುರುತು ಇಂದಿಗೂ ನೆಲದ ಮೇಲಿದೆ. ಒಂದು ಮುಖ್ಯ ರಸ್ತೆ ಕಣಿವೆಯುದ್ದಕ್ಕೂ ಹೋಗುತ್ತದೆ. ಅದರಿಂದ ಮೀನಿನ ಮುಳ್ಳಿನಂತೆ ಎರಡೂ ಬದಿಗೆ ಕವಲುಗಳು ಹೊರಟು, ಒಂದೊಂದು ಕವಲೂ ಎಲ್ಲಿಗೂ ಸೇರದೆ ಕಾಡಿನ ನಡುವೆ ನಿಂತುಬಿಡುತ್ತದೆ. ಯಾವ ಊರಿಗೂ ಹೋಗದ ರಸ್ತೆಯನ್ನು ಕಂಡರೆ ಅದು ಒಂದು ವರ್ಷದ ಕೂಪಿಗೆ ಮಾಡಿದ ಕವಲು ಎಂದು ತಿಳಿಯಬಹುದು.

ತೇಗದ ಕಾಡುಗಳಲ್ಲಿ ಒಂದು ಭಾಗವನ್ನು ಪೂರ್ತಿ ಕಡಿದು ಮತ್ತೆ ನೆಡುತ್ತಿದ್ದರು. ನಮ್ಮ ಕಡೆಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಹಾಗಲ್ಲ; ಇಂತಿಷ್ಟು ಸುತ್ತಳತೆ ದಾಟಿದ ಮರಗಳನ್ನು ಆರಿಸಿ, ಬುಡದಲ್ಲಿ ತೊಗಟೆ ಕೆತ್ತಿ, ಇಲಾಖೆಯ ಸುತ್ತಿಗೆಯ ಮುದ್ರೆ ಒತ್ತಿ ಕಡಿಯುತ್ತಿದ್ದರು. ಧೂಪದಂಥ ಮೆದು ಮರ ಪ್ಲೈವುಡ್ಡಿಗೆ ಹೋಗುತ್ತಿತ್ತು, ಗಟ್ಟಿ ಮರ ರೈಲ್ವೆ ಸ್ಲೀಪರಿಗೆ. ಬಿದಿರಿನದೇ ಬೇರೆ ಲೆಕ್ಕ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೂ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೂ ಹೋದ ಬಿದಿರಿನ ಲಾರಿಗಳು ಮಾಡಿದ ದಾರಿಗಳು ಮಲೆನಾಡಿನಲ್ಲಿ ಇನ್ನೂ ಇವೆ. ಇನ್ನೂ ಹಿಂದಕ್ಕೆ ಹೋದರೆ, 1923ರಲ್ಲಿ ಭದ್ರಾವತಿಯಲ್ಲಿ ಉರಿಯಲು ಆರಂಭಿಸಿದ ಕಬ್ಬಿಣದ ಕುಲುಮೆಗೆ ಕಲ್ಲಿದ್ದಲಿನ ಬದಲು ಮರದ ಇದ್ದಿಲೇ ಆಹಾರವಾಗಿತ್ತು.

ನನ್ನ ಜೀಪು 1994ರ ಮಹೀಂದ್ರ ಎಂಎಂ 540. ಪ್ಯೂಜೋ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್ನು, ನಾಲ್ಕೂ ಚಕ್ರಕ್ಕೆ ಪಟ್ಟೆ ಸ್ಪ್ರಿಂಗು, ಮೇಲೆ ಕ್ಯಾನ್ವಾಸು. ಈಗಿನ ವಾಹನಗಳಲ್ಲಿ ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಇದರಲ್ಲಿ ಕೆಳಗಿಳಿದು ಮುಂದಿನ ಎರಡು ಚಕ್ರಗಳ ಹಬ್ ತಿರುಗಿಸಬೇಕು, ಮತ್ತೆ ಒಳಗೆ ಬಂದು ಎರಡು ಸಣ್ಣ ಲಿವರುಗಳನ್ನು ಒಂದಾದ ಮೇಲೊಂದರಂತೆ ಎಳೆಯಬೇಕು. ಮೊದಲನೆಯದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಬಲ ಬರುತ್ತದೆ. ನಮ್ಮ ಕಡೆಯ ಜೀಪಿನವರು ಇದಕ್ಕೆ ‘ಫ್ರಂಟು ಹಾಕುವುದು’ ಎನ್ನುತ್ತಾರೆ. ಎರಡನೆಯದು ಲೋ ಗೇರು. ಅದು ಬಿದ್ದರೆ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಎಳೆತ ಅಷ್ಟೇ ಪಟ್ಟು ಹೆಚ್ಚುತ್ತದೆ. ಲೋ ಗೇರಿನ ಒಂದನೇ ಗೇರಿನಲ್ಲಿ ನನ್ನ ಜೀಪು ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೋಗುತ್ತದೆ. ಇಳಿಯುವಾಗ ಬ್ರೇಕು ಮುಟ್ಟುವ ಅಗತ್ಯವೇ ಇಲ್ಲ. ಎಂಜಿನ್ನೇ ಹಿಡಿದು ಇಳಿಸುತ್ತದೆ. ಒದ್ದೆ ಎಲೆಯ ಮೇಲೆ ಬ್ರೇಕು ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ, ಜಾರುವ ಚಕ್ರಕ್ಕೆ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಟೈರಿನ ಗಾಳಿಯನ್ನೂ ಡಾಂಬರಿನಲ್ಲಿ ಇರುವುದಕ್ಕಿಂತ ಮೂರನೇ ಒಂದು ಭಾಗದಷ್ಟು ಇಳಿಸುತ್ತೇನೆ, ಆಗ ಟೈರು ಕಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಹೋಗುತ್ತದೆ.

ನಿಧಾನವೆಂಬುದು ಇಲ್ಲಿ ಸುರಕ್ಷತೆಗೆ ಮಾತ್ರ ಬೇಕಾದದ್ದಲ್ಲ. ಗಂಟೆಗೆ ಐದಾರು ಕಿಲೋಮೀಟರಿನ ವೇಗದಲ್ಲಿ ಹೋದರೆ ಮಾತ್ರ ರಸ್ತೆ ಕಣ್ಣಿಗೆ ಬೀಳುತ್ತದೆ. ಎಡಗಡೆಯ ಕವಲನ್ನು ಹಿಡಿದು ಹೋದಂತೆ ಗುಡ್ಡದ ಬದಿಗೆ ಆಳೆತ್ತರದ ಧರೆ, ಅಂದರೆ ಗುಡ್ಡ ಕಡಿದು ಆದ ಮಣ್ಣಿನ ಗೋಡೆ, ಶುರುವಾಯಿತು. ಆ ಧರೆಯನ್ನು ಕಡಿದು ತೆಗೆದ ಮಣ್ಣನ್ನೇ ಕಣಿವೆಯ ಬದಿಗೆ ಸುರಿದು ರಸ್ತೆಯ ಹೊರಗಿನ ಅರ್ಧವನ್ನು ಮಾಡಿದ್ದಾರೆ. ಅಂದರೆ ರಸ್ತೆಯ ಒಳಗಿನ ಅರ್ಧ ಹುಟ್ಟುನೆಲ, ಹೊರಗಿನ ಅರ್ಧ ತುಂಬಿದ ಮಣ್ಣು. ನಲವತ್ತು ವರ್ಷ ಯಾರೂ ನೋಡಿಕೊಳ್ಳದ ದಾರಿಯಲ್ಲಿ ಆ ತುಂಬಿದ ಮಣ್ಣಿನ ಕೆಳಗೆ ಏನಾಗಿದೆ ಎಂದು ಮೇಲಿನಿಂದ ತಿಳಿಯುವುದಿಲ್ಲ. ಇಲಿ, ಹೆಗ್ಗಣ, ಮುಳ್ಳುಹಂದಿಗಳು ಬಿಲ ತೋಡಿರುತ್ತವೆ, ಆಗ ಮಣ್ಣಿನೊಂದಿಗೆ ಹೂತುಹೋದ ಮರದ ಬೇರುಗಳು ಕೊಳೆತು ಪೊಳ್ಳಾಗಿರುತ್ತವೆ. ಧರೆಗೆ ಒತ್ತಿಕೊಂಡೇ ಹೋಗಬೇಕು, ಜೀಪಿನ ಬದಿ ಮಣ್ಣಿಗೆ ತಾಗಿದರೂ ಚಿಂತೆಯಿಲ್ಲ. ಬಣ್ಣ ಹೋದೀತೆಂದು ಹೊರಗಿನ ಅಂಚಿಗೆ ಸರಿದವರನ್ನು ಹಗ್ಗ ಕಟ್ಟಿ ಮೇಲೆತ್ತಿದ ಅನುಭವ ನನಗೆ ಎರಡು ಸಲ ಆಗಿದೆ.

ಒಂದು ಕಿಲೋಮೀಟರಿನ ಬಳಿಕ ರಸ್ತೆ ಇದ್ದಕ್ಕಿದ್ದಂತೆ ಅಗಲವಾಗಿ, ಧರೆಯು ಆಳೆತ್ತರದಿಂದ ನನ್ನ ಎದೆಯ ಮಟ್ಟಕ್ಕೆ ತಗ್ಗಿತು. ಮಾವ ನಿಲ್ಲಿಸು ಎಂದು ಕೈ ಮಾಡಿ ಇಳಿದವರು ಧರೆಯ ಅಂಚಿಗೆ ಹೋಗಿ ಕೈಯಿಟ್ಟು ನಿಂತರು. ಅಂಚು ಹರಿತವಾಗಿರದೆ ಸವೆದು ಗುಂಡಗಾಗಿತ್ತು, ಬಾವಿಕಟ್ಟೆಯ ಮೇಲೆ ಹಗ್ಗ ತಿಕ್ಕಿ ಆದ ಗುರುತಿನಂತೆ ಅಲ್ಲಲ್ಲಿ ತಗ್ಗು ಬಿದ್ದಿತ್ತು. ಅದು ಲಾರಿಗೆ ನಾಟಾ ತುಂಬುವ ಜಾಗ. ಧರೆಯ ಎತ್ತರ ಲಾರಿಯ ಹಲಗೆಯ ಎತ್ತರಕ್ಕೆ ಸರಿಯಾಗಿ ಇರುವಂತೆ ಕಡಿದು, ಲಾರಿಯನ್ನು ಕೆಳಗೆ ಧರೆಗೆ ಒತ್ತಿ ನಿಲ್ಲಿಸುತ್ತಿದ್ದರು. ಮೇಲಿನ ಕಾಡಿನಿಂದ ಆನೆ ಎಳೆದು ತಂದ ದಿಮ್ಮಿಗಳನ್ನು ಅಂಚಿನ ತನಕ ತಂದು, ನಡುವೆ ಎರಡು ಗಟ್ಟಿ ಮರದ ತೊಲೆ ಹಾಸಿ, ಹಾರೆ ಮತ್ತು ಹಗ್ಗದಿಂದ ಹಿಡಿದು ನಿಧಾನವಾಗಿ ಉರುಳಿಸುತ್ತಿದ್ದರು. ಎತ್ತುವ ಯಂತ್ರವಿಲ್ಲದ ಕಾಲದಲ್ಲಿ ಎತ್ತುವ ಕೆಲಸವನ್ನೇ ಇಲ್ಲದಂತೆ ಮಾಡಿದ ಉಪಾಯವದು. ದಿಮ್ಮಿ ಉರುಳುವಾಗ ಹಗ್ಗ ಹಿಡಿದವರಿಗೆ ಲಯ ಕೊಡಲು ಒಬ್ಬ ಕೂಗು ಹಾಕುತ್ತಿದ್ದನಂತೆ. ಕೂಗು ತಪ್ಪಿದ ಒಂದು ದಿನ ಒಬ್ಬರ ಕಾಲು ದಿಮ್ಮಿಗೆ ಸಿಕ್ಕಿದ್ದನ್ನು ಮಾವ ಹೇಳಿದರು. ಆ ಮನುಷ್ಯ ಬದುಕಿದರು, ಆದರೆ ಮತ್ತೆ ಕೂಪಿಗೆ ಬರಲಿಲ್ಲ.

ಅಲ್ಲಿಂದ ಮುಂದಿನ ಎರಡನೇ ತಿರುವಿನಲ್ಲಿ ಕಂಡದ್ದನ್ನು ನಾನು ಇನ್ನೆಲ್ಲಿಯೂ ಕಂಡಿಲ್ಲ. ರಸ್ತೆಯ ಅಂಚಿನಲ್ಲಿ ಇಬ್ಬರು ತೋಳು ಚಾಚಿ ಅಪ್ಪುವಷ್ಟು ದಪ್ಪದ ಒಂದು ಹೆಬ್ಬಲಸಿನ ಮರ. ನೆಲದಿಂದ ಸೊಂಟದೆತ್ತರದಲ್ಲಿ ಅದರ ಸುತ್ತ ತೊಗಟೆ ಉಬ್ಬಿ, ತುಟಿಯಂತೆ ಎರಡು ಮಡಿಕೆಯಾಗಿ, ಆ ಮಡಿಕೆಯ ನಡುವೆ ಬೆರಳಗಲದ ತುಕ್ಕು ಹಿಡಿದ ಉಕ್ಕಿನ ಹಗ್ಗವೊಂದು ಒಂದು ಗೇಣಿನಷ್ಟು ಮಾತ್ರ ಹೊರಗೆ ಕಾಣುತ್ತಿತ್ತು. ಉಳಿದ ಸುತ್ತನ್ನು ಮರ ನುಂಗಿತ್ತು. ತಿರುವಿನ ಕೆಳಗಿನ ಇಳಿಜಾರಿನಿಂದ ದಿಮ್ಮಿ ಎಳೆಯುವಾಗ ಅಥವಾ ಹಿಡಿದು ಇಳಿಸುವಾಗ ಗಟ್ಟಿ ಮರವೊಂದಕ್ಕೆ ಹಗ್ಗ ಸುತ್ತುತ್ತಿದ್ದರೆಂದೂ, ಆ ಮರವನ್ನು ಕಡಿಯುವ ಗುರುತು ಹಾಕುತ್ತಿರಲಿಲ್ಲವೆಂದೂ ಮಾವ ವಿವರಿಸಿದರು. ಸುತ್ತಲಿನ ದೊಡ್ಡ ಮರಗಳೆಲ್ಲ ಹೋದರೂ ಈ ಮರ ಉಳಿದದ್ದು ಅದು ಮಾಡುತ್ತಿದ್ದ ಈ ಕೆಲಸದಿಂದ. ಕೆಲಸ ಮುಗಿದ ದಿನ ಯಾರೋ ಹಗ್ಗದ ತುಂಡನ್ನು ಬಿಚ್ಚದೆ ಹೋಗಿರಬೇಕು. ನಾನು ಆ ಉಕ್ಕನ್ನು ಮುಟ್ಟಿ ನೋಡಿದೆ, ಅದರ ಎಳೆಗಳು ಒಣ ಹುಲ್ಲಿನಂತೆ ಪುಡಿಯಾದವು.

ಹಳ್ಳ ಬಂತು. ಕೂಪಿನ ರಸ್ತೆಗಳಲ್ಲಿ ಹಳ್ಳ ದಾಟುವುದಕ್ಕೆ ಎರಡು ಬಗೆಯ ವ್ಯವಸ್ಥೆ ನೋಡಿದ್ದೇನೆ. ದೊಡ್ಡ ಹಳ್ಳವಾದರೆ ಕೆಳಗೆ ಕಲ್ಲು ಹಾಸಿ, ನೀರು ಮೇಲೆಯೇ ಹರಿಯಲಿ ಎಂದು ಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಹೇಗೂ ಕೂಪಿನ ಕೆಲಸ ನಿಲ್ಲುತ್ತಿದ್ದುದರಿಂದ ಅಷ್ಟು ಸಾಕಾಗುತ್ತಿತ್ತು. ಸಣ್ಣ ಹಳ್ಳವಾದರೆ ಉದ್ದುದ್ದಕ್ಕೆ ದಿಮ್ಮಿಗಳನ್ನು ಜೋಡಿಸಿ ಮೇಲೆ ಮಣ್ಣು ಹಾಕಿದ ಸಂಕ. ಎರಡನೆಯದೇ ಅಪಾಯಕಾರಿ. ಮೇಲಿನ ಮಣ್ಣು, ಅದರ ಮೇಲೆ ಹುಲ್ಲು, ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಕೆಳಗಿನ ದಿಮ್ಮಿ ಮಾತ್ರ ಯಾವಾಗಲೋ ಕೊಳೆತು ಲದ್ದಿಯಾಗಿರುತ್ತದೆ. ಅಂದು ನಾನು ಕೆಳಗಿಳಿದು ಹಳ್ಳದ ಪಾತ್ರಕ್ಕೆ ಹೋಗಿ ಬ್ಯಾಟರಿ ಹಾಕಿ ನೋಡಿದೆ. ಐದು ದಿಮ್ಮಿಗಳಲ್ಲಿ ಮೂರು ಹೋಗಿದ್ದವು, ಎರಡು ಕಲ್ಲಿನಂತೆ ಗಟ್ಟಿಯಾಗಿದ್ದವು. ಮಾವ ಹಾರೆಯ ಹಿಂಭಾಗದಿಂದ ಬಡಿದು, ಸದ್ದು ಕೇಳಿ, ಅದು ಬೋಗಿ ಮರ ಎಂದರು. ಆ ಸಂಕದ ಮೇಲೆ ನಾನು ಜೀಪು ಹತ್ತಿಸಲಿಲ್ಲ. ಸ್ವಲ್ಪ ಮೇಲೆ ಹಳ್ಳದಲ್ಲಿ ನೀರೇ ಇಲ್ಲದ ಬಂಡೆಯ ಹಾಸು ಸಿಕ್ಕಿತು, ದನಗಳು ದಾಟುವ ಜಾಗವದು. ಅಲ್ಲಿ ಒಂದೊಂದೇ ಚಕ್ರವನ್ನು ಇಳಿಸಿ ಏರಿಸಿ ದಾಟಿದೆವು. ಅಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಮಳೆಯ ವಿಷಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಈ ದಾರಿಗಳನ್ನು ಕೆಡಿಸುವುದು ಚಕ್ರಕ್ಕಿಂತ ಹೆಚ್ಚಾಗಿ ನೀರು, ಮತ್ತು ನೀರಿಗೆ ದಾರಿ ತೋರಿಸುವುದು ಚಕ್ರ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದು ಅಪರೂಪವೇನಲ್ಲ. ಕೂಪಿನ ರಸ್ತೆ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಲ್ಲಿ ರಸ್ತೆಗೆ ಓರೆಯಾಗಿ ಅಡ್ಡಗಾಲುವೆ ಕಡಿದು, ಧರೆಯ ಬದಿಯ ನೀರು ರಸ್ತೆಯುದ್ದಕ್ಕೂ ಓಡುವ ಮೊದಲೇ ಅದನ್ನು ಕಣಿವೆಗೆ ದಾಟಿಸಿಬಿಡುತ್ತಿದ್ದರು. ಪ್ರತಿ ವರ್ಷ ಮಳೆ ಮುಗಿದ ಮೇಲೆ ಅವುಗಳನ್ನು ಮತ್ತೆ ಸರಿಮಾಡುವುದು ಕೂಪಿನ ಮೊದಲ ಕೆಲಸವಾಗಿತ್ತಂತೆ.

2017ರ ಜೂನ್ ತಿಂಗಳಲ್ಲಿ, ಮೊದಲ ಎರಡು ವಾರದ ಮಳೆ ಬಿದ್ದ ಮೇಲೆ, ನಾವು ಗೆಳೆಯರು ಮೂರು ಜೀಪುಗಳಲ್ಲಿ ಹೀಗೆಯೇ ಒಂದು ದಾರಿಗೆ ಹೋಗಿದ್ದೆವು. ಅದು ನಾಲ್ಕು ಮನೆಗಳಿಗೆ ಹೋಗುವ ದಾರಿ, ಯಾರ ಅಡ್ಡಿಯೂ ಇರಲಿಲ್ಲ. ಹಿಂದಿನ ಚಕ್ರಗಳಿಗೆ ಚೈನು ಕಟ್ಟಿದ್ದೆವು. ಕೆಂಪು ಮಣ್ಣಿನ ಒಂದು ಏರಿನಲ್ಲಿ ಮೊದಲ ಜೀಪು ಹೂತಿತು. ಅದನ್ನು ಎಳೆಯುವಾಗ ಎರಡನೆಯದು ಹೂತಿತು. ಚೈನು ಕಟ್ಟಿದ ಚಕ್ರ ತಿರುಗಿದಲ್ಲೆಲ್ಲ ಮೊಣಕಾಲಾಳದ ಎರಡು ಚರಂಡಿಗಳಾದವು, ಸುಮಾರು ಅರವತ್ತು ಮೀಟರ್ ಉದ್ದಕ್ಕೆ. ಸಂಜೆ ಮೇಲೆ ಹೋಗಿ ತಲುಪಿದ್ದಕ್ಕೆ ನಾವು ಹೆಮ್ಮೆಪಟ್ಟೆವು, ಫೋಟೋ ತೆಗೆದುಕೊಂಡೆವು. ಅಕ್ಟೋಬರಿನಲ್ಲಿ ನಾನು ಒಬ್ಬನೇ ಮತ್ತೆ ಹೋದಾಗ ಆ ಏರಿನಲ್ಲಿ ರಸ್ತೆಯೇ ಇರಲಿಲ್ಲ. ನಾವು ಮಾಡಿದ ಎರಡು ಚರಂಡಿಗಳೂ ಒಂದಾಗಿ, ನಾನು ಒಳಗೆ ನಿಂತರೆ ಭುಜದವರೆಗೆ ಬರುವ ಕೊರಕಲಾಗಿತ್ತು. ಕೆಳಗಿನ ಅಡಿಕೆ ತೋಟದ ಯಜಮಾನರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು: ತೋಟದ ಬಸಿಗಾಲುವೆಗಳು ಎರಡು ಸಾಲಿನುದ್ದಕ್ಕೂ ಕೆಂಪು ಮಣ್ಣಿನಿಂದ ತುಂಬಿ ಸಮವಾಗಿದ್ದವು. ನೀರು ಬಸಿಯದೆ ಬುಡದಲ್ಲಿ ನಿಂತು, ಆ ಸಾಲಿನಲ್ಲಿ ಕೊಳೆ ರೋಗ ಉಳಿದೆಡೆಗಿಂತ ಹೆಚ್ಚು ಬಂದಿತ್ತು ಎಂದರು. ಅವರು ಬೈಯಲಿಲ್ಲ. ಕಾಫಿ ಕೊಟ್ಟರು. “ಮಳೆಗಾಲದಲ್ಲಿ ನಾವೂ ನಡ್ಕೊಂಡೇ ಹೋಗ್ತೀವಿ ತಮ್ಮಾ” ಎಂದಷ್ಟೇ ಹೇಳಿದರು.

ಆ ಮಾತು ನನ್ನಲ್ಲಿ ಉಳಿದಿದೆ. ಮರುವಾರ ಗೆಳೆಯರನ್ನು ಸೇರಿಸಿಕೊಂಡು ಹೋಗಿ ಎರಡು ದಿನ ಬಸಿಗಾಲುವೆಯ ಮಣ್ಣು ತೆಗೆದೆವು, ಕೊರಕಲಿಗೆ ಕಲ್ಲು ತುಂಬಿದೆವು, ಆದರೆ ಹರಿದುಹೋದ ಮೇಲ್ಮಣ್ಣನ್ನು ತರಲಾಗಲಿಲ್ಲ. ಅಂದಿನಿಂದ ಜೂನ್ ಮೊದಲ ಮಳೆಯಿಂದ ಡಿಸೆಂಬರಿನ ನಡುವಿನವರೆಗೆ ನಾನು ಯಾವ ಮಣ್ಣಿನ ದಾರಿಗೂ ಜೀಪು ಇಳಿಸುವುದಿಲ್ಲ. ಬೇಸಿಗೆಯಲ್ಲಿ ಹೋಗುವಾಗಲೂ ಗುದ್ದಲಿ, ಪಿಕಾಸಿ, ಹಾರೆ ಜೀಪಿನಲ್ಲಿ ಇರುತ್ತವೆ. ಊರಿನವರು ಬಳಸುವ ದಾರಿಯಲ್ಲಿ ಮುಚ್ಚಿಹೋದ ಅಡ್ಡಗಾಲುವೆ ಕಂಡರೆ, ಅವರನ್ನು ಕೇಳಿ, ಬಿಡಿಸಿ ಮುಂದೆ ಹೋಗುತ್ತೇವೆ. ಕೆಸರಿನ ಗುಂಡಿ ಸಿಕ್ಕಿದರೆ ಅದನ್ನು ಬಳಸಿಕೊಂಡು ಪಕ್ಕದ ಗಿಡಗಳ ಮೇಲೆ ಹೊಸ ದಾರಿ ಮಾಡುವುದಿಲ್ಲ. ಗುಂಡಿಯಲ್ಲಿ ಹೋಗಲಾಗದಿದ್ದರೆ ಹಿಂದಿರುಗುತ್ತೇವೆ.

ಎಲ್ಲಿ ಹೋಗಬಹುದು ಎಂಬುದಕ್ಕೆ ಉತ್ತರ ಸ್ಪಷ್ಟವಾಗಿದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಮೀಸಲು ಅರಣ್ಯದೊಳಕ್ಕೆ ಅಕ್ರಮವಾಗಿ ಪ್ರವೇಶಿಸುವುದು ಅಪರಾಧ. ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಹಾಗಾಗಿ ಹಳೆಯ ಕೂಪಿನ ರಸ್ತೆಗಳಲ್ಲಿ ಬಹುಪಾಲು ನಮಗೆ ಮುಚ್ಚಿದ ದಾರಿಗಳೇ, ಮುಚ್ಚಿರಬೇಕಾದವೇ. ನಾನು ಹೋಗುವುದು ಮನೆಗಳಿಗೆ ಇಂದಿಗೂ ಏಕೈಕ ಸಂಪರ್ಕವಾಗಿ ಉಳಿದ ದಾರಿಗಳಲ್ಲಿ, ಇಲ್ಲವೇ ಇಲಾಖೆಯ ಲಿಖಿತ ಅನುಮತಿ ಸಿಕ್ಕ ಕಡೆ. ಫೆಬ್ರುವರಿಯ ಆ ದಾರಿಗೂ ಪತ್ರ ಇತ್ತು, ಮಾವನ ವಯಸ್ಸನ್ನು ನೋಡಿ ಕೊಟ್ಟದ್ದು. ಅದರ ಗುರುತನ್ನು ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಈಚೆಗೆ ವಾರಾಂತ್ಯಗಳಲ್ಲಿ ಹತ್ತು ಹದಿನೈದು ವಾಹನಗಳ ಸಾಲು ಕಾಡಿನ ದಾರಿಗಳಲ್ಲಿ ಹಾಡು ಹಾಕಿಕೊಂಡು ಹೋಗುವುದನ್ನು ನೋಡುತ್ತಿದ್ದೇನೆ, ಅದರಿಂದ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನೊಂದು ಎಚ್ಚರಿಕೆ. ದಾರಿ ಒಣಗಿ ಜೀಪಿಗೆ ಹದವಾಗುವ ಕಾಲವೇ ಉಣುಗುಗಳ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗೊತ್ತಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇ ತನಕ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಕಾಣಿಸಿಕೊಳ್ಳುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ತಂದ ಸಾವುಗಳನ್ನು ನಮ್ಮ ಕಡೆಯವರು ಮರೆತಿಲ್ಲ. ಆ ಉಣುಗಿನ ಮರಿ ಸಾಸಿವೆ ಕಾಳಿಗಿಂತ ಚಿಕ್ಕದು, ತರಗೆಲೆಯಲ್ಲಿ ಕಾದಿರುತ್ತದೆ. ಜೀಪಿನಿಂದ ಇಳಿದು ಸಂಕ ನೋಡಲು, ಕಲ್ಲು ಸರಿಸಲು ಹೋಗುವ ನಾವೇ ಅದಕ್ಕೆ ಸುಲಭವಾಗಿ ಸಿಗುವವರು. ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯುತ್ತೇವೆ. ಮಂಗ ಸತ್ತ ಸುದ್ದಿ ಬಂದ ಕಾಡಿನ ಕಡೆಗೆ ಆ ವರ್ಷ ಹೋಗುವುದೇ ಇಲ್ಲ.

ಹಳ್ಳ ದಾಟಿದ ಮೇಲೆ ಕಾಡು ಬದಲಾಯಿತು. ಆರಂಭದಲ್ಲಿ ರಸ್ತೆಯ ಎರಡೂ ಬದಿಗೆ ಉಪ್ಪಳಿಗೆ ಗಿಡಗಳೇ ತುಂಬಿದ್ದವು, ಅಗಲವಾದ ಗುಂಡು ಎಲೆಯವು. ದೊಡ್ಡ ಮರ ಬಿದ್ದು ಬಿಸಿಲು ನೆಲಕ್ಕೆ ತಾಗಿದ ಕಡೆ ಮೊದಲು ಬರುವ ಮರವದು. ಅವು ಇದ್ದಲ್ಲಿ ಕಡಿತ ಜೋರಾಗಿ ನಡೆದಿತ್ತು ಎಂದು ತಿಳಿದುಕೊಳ್ಳಬಹುದು. ಒಳಕ್ಕೆ ಹೋದಂತೆ ಅವುಗಳ ಕೆಳಗೆ, ಅವುಗಳ ನೆರಳಿನಲ್ಲಿ, ಧೂಪದ ಸಸಿಗಳು, ಬಲಿಗೆಯ ಸಸಿಗಳು ಕಾಣತೊಡಗಿದವು. ಚಕ್ರಗಳು ನೆಲವನ್ನು ಒತ್ತಿ ಗಟ್ಟಿ ಮಾಡಿದ ಎರಡು ಪಟ್ಟಿಗಳಲ್ಲಿ ಇಂದಿಗೂ ಹೆಚ್ಚೇನೂ ಬೆಳೆದಿಲ್ಲ, ನಡುವಿನ ದಿಣ್ಣೆಯಲ್ಲಿ ಮಾತ್ರ ಮೊಣಕಾಲುದ್ದದ ಸಸಿಗಳು ಸಾಲಾಗಿ ನಿಂತಿದ್ದವು. ಮೇಲೆ ನೋಡಿದರೆ ಎರಡು ಬದಿಯ ಮರಗಳ ಕೊಂಬೆಗಳು ರಸ್ತೆಯ ನಡುವೆ ಒಂದನ್ನೊಂದು ಮುಟ್ಟಿದ್ದವು. ಮಾವ ಲಾರಿ ಓಡಿಸುವಾಗ ಇಲ್ಲಿ ಆಕಾಶ ಕಾಣುತ್ತಿತ್ತಂತೆ. ಈ ಕಾಡುಗಳ ಸಿಂಗಳೀಕಗಳು ನೆಲಕ್ಕೆ ಇಳಿಯುವುದು ಕಡಿಮೆ. ಮರದಿಂದ ಮರಕ್ಕೆ ಸಾಗುತ್ತವೆ. ರಸ್ತೆಯೊಂದು ಮೇಲ್ಛಾವಣಿಯನ್ನು ಸೀಳಿದರೆ ಅವುಗಳ ಓಡಾಟದ ಸೀಮೆಯೇ ಎರಡಾಗುತ್ತದೆ. ಶರಾವತಿ ಕಣಿವೆಯ ಅಭಯಾರಣ್ಯವನ್ನು ವಿಸ್ತರಿಸಿ 2019ರಲ್ಲಿ ಸಿಂಗಳೀಕದ ಹೆಸರಿನಲ್ಲೇ ಘೋಷಿಸಿದ್ದು ಈ ಪ್ರಾಣಿಗೆ ಇಲ್ಲಿ ಎಷ್ಟು ಮಹತ್ವವಿದೆ ಎಂಬುದನ್ನು ತೋರಿಸುತ್ತದೆ. ರಸ್ತೆಯ ಮೇಲೆ ಕೊಂಬೆಗಳು ಕೂಡಿದ ಜಾಗದಲ್ಲಿ ಕೆಳಗೆ ಕಚ್ಚಿ ಬಿಸಾಡಿದ ಹಣ್ಣುಗಳು ಬಿದ್ದಿದ್ದವು. ಯಾವ ಪ್ರಾಣಿ ತಿಂದದ್ದೋ, ನಾವು ನೋಡಲಿಲ್ಲ, ಆದರೆ ಎರಡು ಬದಿಗೂ ಬಿದ್ದಿದ್ದವು.

ಲಾರಿ ಯಾವಾಗ ನಿಂತಿತು ಎಂದು ಅಲ್ಲಿ ಮಾವನನ್ನು ಕೇಳಿದೆ. ಒಂದೇ ದಿನ ನಿಲ್ಲಲಿಲ್ಲ ಎಂದರು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯಿದೆ ಬಂದಿತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು; ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಆ ಅಪ್ಪಿಕೋ ಚಳವಳಿಯ ಸುದ್ದಿ ಕೂಪಿನ ಲಾರಿಗಳ ಮೂಲಕವೇ ಮಲೆನಾಡಿನ ಎಲ್ಲ ಕೂಪುಗಳಿಗೂ ಹೋಯಿತಂತೆ. ಅದಾದ ಮೇಲೆ ಒಂದೊಂದಾಗಿ ಕೂಪುಗಳು ಕಡಿಮೆಯಾದವು, ಮಾವ ಖಾಸಗಿ ಬಸ್ಸಿಗೆ ಚಾಲಕರಾಗಿ ಸೇರಿದರು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ, ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯಬಾರದೆಂದು ಆದೇಶ ಕೊಡುವ ಹೊತ್ತಿಗೆ ಅವರು ಲಾರಿ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಆ ಚಳವಳಿಯವರ ಮೇಲೆ ಸ್ವಲ್ಪವೂ ಸಿಟ್ಟಿರಲಿಲ್ಲವೇ ಎಂದು ಕೇಳಿದೆ. “ಇತ್ತು. ಮನೇಲಿ ಐದು ಜನ ಉಣ್ಣೋರಿದ್ರು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕಡೆಕಡೆಗೆ ಲಾರಿ ತುಂಬೋಕೆ ಮೂರು ದಿನ ಬೇಕಾಗ್ತಿತ್ತು, ಅಂಥ ಮರ ಹತ್ರದಲ್ಲಿ ಇರ್ಲೇ ಇಲ್ಲ” ಎಂದರು. ಅವರ ಈ ಎರಡು ಮಾತುಗಳಲ್ಲಿ ಒಂದನ್ನೂ ನಾನು ಬಿಟ್ಟುಬಿಡಲಾರೆ.

ಮುಂದಿನ ತಿರುವಿನಲ್ಲಿ ದಾರಿಗೆ ಅಡ್ಡವಾಗಿ ಒಂದು ಮರ ಬಿದ್ದಿತ್ತು. ಹಿಂದಿನ ಮಳೆಗಾಲದ್ದಲ್ಲ, ಅದಕ್ಕೂ ಹಳೆಯದು. ಮೈಮೇಲೆ ಪಾಚಿ, ಬುಡದ ಬಳಿ ಸೀತಾಳೆಯ ಒಂದು ಹಿಂಡು, ಅದರ ಆಚೆ ರಸ್ತೆಯ ತುಂಬ ಎದೆಯೆತ್ತರದ ಸಸಿಗಳು. ಜೀಪಿನ ಹಿಂದೆ ಗರಗಸವಿತ್ತು, ಮನೆ ದಾರಿಗಳಲ್ಲಿ ಕೊಂಬೆ ಬಿದ್ದರೆ ಬೇಕೆಂದು ಇಟ್ಟದ್ದು. ಮಾವ ಮರದ ಹತ್ತಿರ ಹೋಗಿ, ಹಳೆಯ ಅಭ್ಯಾಸದಂತೆ, ದಪ್ಪದ ತುದಿಯ ಸುತ್ತ ತೋಳು ಹಾಕಿ ಸುತ್ತಳತೆ ನೋಡಿದರು. “ಆಗಿದ್ರೆ ಅರ್ಧ ಗಂಟೆ ಕೆಲಸ” ಎಂದರು. ನಾನು ಗರಗಸ ತೆಗೆಯಲಿಲ್ಲ, ಅವರೂ ಕೇಳಲಿಲ್ಲ. ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಲೋ ಗೇರಿನಲ್ಲಿ ರಿವರ್ಸ್ ಹಾಕಿದೆ, ಮಾವ ಜೀಪಿನ ಹಿಂದೆ ಧರೆಯ ಬದಿಗೆ ನಡೆಯುತ್ತ, ಹಳ್ಳದ ತನಕ ಸುಮಾರು ಅರ್ಧ ಕಿಲೋಮೀಟರು, ಕೈಯೆತ್ತಿ “ಬಾ, ಬಾ, ಬರ್ಲಿ, ಬರ್ಲಿ” ಎನ್ನುತ್ತ ನನ್ನನ್ನು ಇಳಿಸಿಕೊಂಡು ಬಂದರು.